ಜೇನಿನ ಗುಣಕ್ಕೆ ಸಾಕ್ಷಿ ಯಾರು?

ತಡಿಯಂಡಮೋಳ್ ಬೆಟ್ಟದ ತಪ್ಪಲಿನ ಕಕ್ಕಬೆ ಒಂದು ಕಾಲಕ್ಕೆ ಜೇನಿಗೇ ಹೆಸರಾದ ಊರು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಜೇನನ್ನು ಬಡಿದಾಗ ಕೊಡಗಿನ ಪೆಟ್ಟಿಗೆಗಳೂ ಬರಿದಾದವು. ಹೆಸರು ಮಾತ್ರ ಅಳಿಯಲಿಲ್ಲ. ಈಗ ಜೇನಿನ ಜತೆ ಹೊಸದೊಂದು ಮಾತು ಕೇಳಿಬರುತ್ತದೆ: ಜೇನು ಉರಿಯೂತವನ್ನು ತಣಿಸುತ್ತದೆ, ಪ್ರಯೋಗಾಲಯದಲ್ಲಿ ಇದು ಸಾಬೀತಾಗಿದೆ. ಇಂಥ ಸಾಬೀತಿನ ಭಾರ ಬಹುಪಾಲು ನಿಂತಿರುವುದು ಸಂಶೋಧನೆಗೆಂದು ಮಾರುವ, ನಿರ್ದಿಷ್ಟ ಪ್ರೋಟೀನಿಗೆ ಅಂಟಿ ಅದನ್ನು ಗುರುತಿಸಿಕೊಡುವ ಪ್ರತಿಕಾಯದ ಒಂದು ಪುಟ್ಟ ಸೀಸೆಯ ಮೇಲೆ. ಜೇನನ್ನು ಪರೀಕ್ಷಿಸುವ ಮೊದಲು ಆ ಸೀಸೆಯನ್ನೇ ಪರೀಕ್ಷಿಸಬೇಕು ಎಂಬುದು ನನ್ನ ವಾದ.

ನಮ್ಮ ಜೀವಕೋಶದಲ್ಲಿ ಉರಿಯೂತದ ಕರೆಗಂಟೆ ಬಾರಿಸುವ ಪ್ರೋಟೀನಿನ ಹೆಸರು ಎನ್‌ಎಫ್-ಕಪ್ಪಾ-ಬಿ. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಇದನ್ನು ಗುರುತಿಸಿದರು. ಸಾಮಾನ್ಯ ಹೊತ್ತಿನಲ್ಲಿ ಐ-ಕಪ್ಪಾ-ಬಿ ಎಂಬ ಇನ್ನೊಂದು ಪ್ರೋಟೀನು ಇದನ್ನು ಕೋಶಕೇಂದ್ರದ ಹೊರಗೇ ಹಿಡಿದಿಟ್ಟಿರುತ್ತದೆ. ಸೋಂಕು ತಗುಲಿತೆನ್ನಿ, ಆ ಕಾವಲುಗಾರನಿಗೆ ಮೊದಲು ಫಾಸ್ಫೇಟಿನ ಗುರುತು ಬೀಳುತ್ತದೆ, ಬಳಿಕ ಯುಬಿಕ್ವಿಟಿನ್ ಎಂಬ 76 ಅಮೈನೊ ಆಮ್ಲಗಳ ಕಿರು ಪ್ರೋಟೀನುಗಳ ಸರ ಬೀಳುತ್ತದೆ. ಸರ ಬಿದ್ದದ್ದನ್ನು ಪ್ರೋಟಿಯಸೋಮ್ ಎಂಬ ಯಂತ್ರ ಚೂರು ಚೂರು ಮಾಡುತ್ತದೆ. ಕಾವಲು ತಪ್ಪಿದ ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರಕ್ಕೆ ನುಗ್ಗಿ ಉರಿಯೂತದ ಜೀನುಗಳನ್ನು ಎಬ್ಬಿಸುತ್ತದೆ. ಯುಬಿಕ್ವಿಟಿನ್ನಿನ ಈ ಕೆಲಸವನ್ನು ಬಿಡಿಸಿ ತೋರಿಸಿದ ಸೀಚನೋವರ್, ಹರ್ಷ್‌ಕೊ ಮತ್ತು ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಇದಾವುದೂ ಕಣ್ಣಿಗೆ ಕಾಣುವಂಥದ್ದಲ್ಲ. ಕೋಶಗಳನ್ನು ಒಡೆದು, ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ, ಒಂದು ಪೊರೆಗೆ ಇಳಿಸಿ, ಅದರ ಮೇಲೆ ಪ್ರತಿಕಾಯ ಹಾಕುತ್ತಾರೆ. ಅದು ಅಂಟಿದ ಕಡೆ ಕಪ್ಪು ಪಟ್ಟಿ ಮೂಡುತ್ತದೆ. ಜೇನು ಬೆರೆಸಿದ ಕೋಶಗಳಲ್ಲಿ ಪಟ್ಟಿ ಮಸುಕಾಯಿತೋ ಗಾಢವಾಯಿತೋ ಎಂಬುದೇ ಸಾಕ್ಷಿ. ಆದರೆ ಪ್ರತಿಕಾಯ ಅದೇ ಗಾತ್ರದ ಬೇರೊಂದು ಪ್ರೋಟೀನಿಗೂ ಅಂಟುವುದುಂಟು. ಆಗ ಏರಿಳಿದದ್ದು ಯಾವುದು ಎಂದು ಪಟ್ಟಿ ನೋಡಿ ಹೇಳಲಾಗದು.

ತಯಾರಕರು ಪರೀಕ್ಷಿಸಿಯೇ ಮಾರುತ್ತಾರಲ್ಲ ಎನ್ನಬಹುದು. 2023ರಲ್ಲಿ ಕೆನಡಾದಿಂದ ನಡೆಯುವ ವೈಕ್ಯಾರೋಸ್ ತಂಡ 65 ಪ್ರೋಟೀನುಗಳಿಗೆಂದು ಮಾರುವ 614 ಪ್ರತಿಕಾಯಗಳ ಫಲಿತಾಂಶ ಪ್ರಕಟಿಸಿತು. ಆಯಾ ಪ್ರೋಟೀನಿನ ಜೀನನ್ನೇ ತೆಗೆದುಹಾಕಿದ ಕೋಶಗಳಲ್ಲಿ ಪರೀಕ್ಷೆ. ಪ್ರೋಟೀನು ಇಲ್ಲದಿದ್ದರೂ ಪಟ್ಟಿ ಮೂಡಿದರೆ ಸಾಕ್ಷಿ ಸುಳ್ಳು. ಸೋತವು ಬಹಳಿದ್ದವು, ಪ್ರಕಟಿತ ಲೇಖನಗಳಲ್ಲಿ ಬಳಕೆಯಾದವೂ ಅವುಗಳಲ್ಲಿ ಸೇರಿದ್ದವು. ತಯಾರಕರೇ ಕೆಲವನ್ನು ಮಾರುಕಟ್ಟೆಯಿಂದ ತೆಗೆದರು ಎಂಬುದು ಮೆಚ್ಚಬೇಕಾದ ಸಂಗತಿ. ಇಷ್ಟೆಲ್ಲ ಖರ್ಚು ನಮ್ಮ ಸಣ್ಣ ಕಾಲೇಜುಗಳಿಗೆ ಎಲ್ಲಿಂದ ಬರಬೇಕು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಜೀನು ತೆಗೆದ ಕೋಶಗಳು ದುಬಾರಿ, ನಿಜ. ಐ-ಕಪ್ಪಾ-ಬಿ ವಿಷಯದಲ್ಲಾದರೂ ಅಗ್ಗದ ದಾರಿಯೊಂದಿದೆ. ಕೋಶವನ್ನು ಟಿಎನ್‌ಎಫ್ ಎಂಬ ಉರಿಯೂತದ ಸಂಕೇತ ಪ್ರೋಟೀನಿನಿಂದ ಕೆರಳಿಸಿದರೆ ಈ ಪ್ರೋಟೀನು ಅರ್ಧ ಗಂಟೆಯೊಳಗೆ ಕರಗಿ, ಒಂದೆರಡು ಗಂಟೆಯಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಪ್ರೋಟಿಯಸೋಮಿಗೆ ತಡೆಮದ್ದು ಹಾಕಿದರೆ ಕರಗುವುದೇ ಇಲ್ಲ. ಇದೇ ಲಯದಲ್ಲಿ ಏರಿಳಿಯುವ ಪಟ್ಟಿಯನ್ನು ನಂಬಲು ಕಾರಣವಿದೆ. ಜೇನಿನಷ್ಟೇ ಸಕ್ಕರೆಯ ಪಾಕವನ್ನು ಇನ್ನೊಂದು ತಟ್ಟೆಯ ಕೋಶಗಳಿಗೆ ಹಾಕಿ ನೋಡುವುದಕ್ಕಂತೂ ಖರ್ಚೇ ಇಲ್ಲ. ಅಲ್ಲಿಯೂ ಪಟ್ಟಿ ಅದೇ ರೀತಿ ಬದಲಾದರೆ ಜೇನಿನ ವಿಶೇಷವೇನೂ ಉಳಿಯದು.

ತಲೆಮಾರುಗಳಿಂದ ಗಾಯಕ್ಕೆ ಜೇನು ಹಚ್ಚಿದವರಿಗೆ ಈ ಪಟ್ಟಿ ಏಕೆ ಬೇಕು ಎಂದರೆ, ಅವರಿಗೆ ಬೇಡ. ಜೇನಿನ ದಟ್ಟ ಸಕ್ಕರೆ, ಹುಳಿ, ನೀರು ಬೆರೆತಾಗ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಇವು ರೋಗಾಣುಗಳನ್ನು ಕೊಲ್ಲಲು ಸಾಕು, ಎನ್‌ಎಫ್-ಕಪ್ಪಾ-ಬಿ ಕದಲದಿದ್ದರೂ. ಪಟ್ಟಿ ಬೇಕಾದದ್ದು ಕೋಶದೊಳಗಿನ ಸಂಕೇತವನ್ನೇ ಜೇನು ತಡೆಯುತ್ತದೆ ಎಂದು ಜೇನಿನ ಸೀಸೆಯ ಮೇಲೆ ಬರೆಯಲು ಹೊರಟವರಿಗೆ.