ಕುಗ್ಗಿದ ಮನಸ್ಸಿಗೂ ಔಷಧಿಯುಂಟು



ಪ್ರವಾದಿ ಎಲೀಯನು ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದ ಪ್ರಸಂಗವನ್ನು ನಾವೆಲ್ಲರೂ ಕೇಳಿದ್ದೇವೆ. ಆಗ ಬಂದ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟನು, ಮಲಗಲು ಬಿಟ್ಟನು, ಮತ್ತೆ ಎಬ್ಬಿಸಿ ಉಣ್ಣಲು ಹೇಳಿದನು. ನಮ್ಮ ಮನೆಗಳಲ್ಲಾದರೋ ಮನಸ್ಸು ಕುಗ್ಗಿ ಕುಳಿತವರಿಗೆ ಮೊದಲು ಸಿಗುವುದೇ ಉಪದೇಶ. ಪ್ರಾರ್ಥನೆ ಸಾಲದು, ಸೋಮಾರಿತನ, ನಿನಗೇನು ಕಡಿಮೆಯಾಗಿದೆ ಎಂಬ ಮಾತುಗಳು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ, ಸುಮಾರು 20 ವಯಸ್ಕರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿರುತ್ತಾರೆ. ಖಿನ್ನತೆಯಿಂದ ನರಳುತ್ತಿದ್ದವರಲ್ಲಿ 100ಕ್ಕೆ 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ದುಃಖವೆಲ್ಲ ಖಿನ್ನತೆಯಲ್ಲ. ವೈದ್ಯರು ಒಂಬತ್ತು ಲಕ್ಷಣಗಳನ್ನು ವಿಚಾರಿಸುತ್ತಾರೆ: ಕುಗ್ಗಿದ ಮನಸ್ಸು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಹಸಿವು ಅಥವಾ ತೂಕದಲ್ಲಿ ಏರುಪೇರು, ನಿದ್ರೆ ಕೆಡುವುದು ಅಥವಾ ಅತಿಯಾಗುವುದು, ನಡೆನುಡಿ ನಿಧಾನವಾಗುವುದು ಅಥವಾ ಚಡಪಡಿಕೆ, ಸುಸ್ತು, ತಾನು ನಿಷ್ಪ್ರಯೋಜಕ, ತಪ್ಪಿತಸ್ಥ ಎಂಬ ಭಾವ, ಗಮನ ನಿಲ್ಲದಿರುವುದು, ಸಾವಿನ ಯೋಚನೆ. ಇವುಗಳಲ್ಲಿ ಐದಾದರೂ, ಮೊದಲ ಎರಡರಲ್ಲಿ ಒಂದು ಸೇರಿದಂತೆ, ಹೆಚ್ಚುಕಡಿಮೆ ಪ್ರತಿದಿನ ಎರಡು ವಾರ ಇದ್ದು ದಿನನಿತ್ಯದ ಬಾಳನ್ನು ಕೆಡಿಸಿದ್ದರೆ ಅದು ತೀವ್ರ ಖಿನ್ನತೆ. ತಪ್ಪಿತಸ್ಥ ಭಾವವನ್ನು ಗುರುಗಳಾದ ನಾವು ಚೆನ್ನಾಗಿ ಬಲ್ಲೆವು. ಕ್ಷಮೆ ದೊರೆತ ಪಾಪವನ್ನೇ ಮತ್ತೆ ಮತ್ತೆ ನಿವೇದಿಸಿ ನೆಮ್ಮದಿ ಕಾಣದವರಿದ್ದಾರೆ. ಅಂಥವರಿಗೆ ಇನ್ನೊಂದು ಪ್ರಾಯಶ್ಚಿತ್ತಕ್ಕಿಂತ ವೈದ್ಯರ ವಿಳಾಸ ಕೊಡುವುದೇ ಲೇಸು.

ಖಿನ್ನತೆಯನ್ನು ತೋರಿಸುವ ರಕ್ತಪರೀಕ್ಷೆ ಇಲ್ಲ. ಥೈರಾಯ್ಡ್ ತೊಂದರೆ, ರಕ್ತಹೀನತೆ ಇದೇ ರೂಪದಲ್ಲಿ ಬರಬಹುದಾದ್ದರಿಂದ ಅವನ್ನು ಪರೀಕ್ಷಿಸುತ್ತಾರೆ, ಅಷ್ಟೆ. ಉಳಿದದ್ದೆಲ್ಲ ಮಾತಿನಿಂದಲೇ ತಿಳಿಯಬೇಕು. ಆದರೆ ನಮ್ಮ ಜನ ವೈದ್ಯರ ಮುಂದೆ ಮೈಕೈ ನೋವು, ತಲೆಭಾರ, ಗ್ಯಾಸ್ ಎಂದಷ್ಟೇ ಹೇಳಿ ಮನಸ್ಸಿನ ಸಂಗತಿಯನ್ನು ಮನೆಯಲ್ಲೇ ಬಿಟ್ಟುಬರುತ್ತಾರೆ. ಕುಡಿತದ ವಿಷಯ ಮುಚ್ಚಿಡಬಾರದು. ಹಿಂದೆ ಯಾವಾಗಲಾದರೂ ನಿದ್ದೆಯಿಲ್ಲದೆ ಅತಿ ಉತ್ಸಾಹದಿಂದ, ಕೈಗೆ ಸಿಕ್ಕಷ್ಟು ಖರ್ಚು ಮಾಡುತ್ತಾ ಓಡಾಡಿದ ದಿನಗಳಿದ್ದರೆ ಮನೆಯವರು ಅದನ್ನೂ ತಿಳಿಸಬೇಕು. ಅದು ಬೇರೆಯೇ ಕಾಯಿಲೆಯ ಗುರುತು. ಖಿನ್ನತೆಯ ಗುಳಿಗೆಯೊಂದನ್ನೇ ಕೊಟ್ಟರೆ ಆ ಉದ್ರೇಕ ಮರುಕಳಿಸಬಹುದು.

ಸಾಯುವ ಯೋಚನೆ ಬರುತ್ತಿದೆಯೇ ಎಂದು ವೈದ್ಯರು ನೇರವಾಗಿ ಕೇಳುತ್ತಾರೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯಕ್ಕೆ ಆಧಾರವಿಲ್ಲ. ಮನೆಯವರೂ ಕೇಳಬೇಕು, ಹೌದೆಂದರೆ ಒಬ್ಬರನ್ನೇ ಬಿಡದೆ, ಕೀಟನಾಶಕವನ್ನು ದೂರವಿಟ್ಟು, ಆಸ್ಪತ್ರೆಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416.

ಚಿಕಿತ್ಸೆಯಲ್ಲಿ ಮಾತಿಗೂ ಗುಳಿಗೆಗೂ ಪಾಲಿದೆ. ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನೆರೆಯ ಗೋವೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಸಿದ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರು ಆರರಿಂದ ಎಂಟು ಭೇಟಿಗಳಲ್ಲಿ ರೋಗಿಗಳೊಡನೆ ಕುಳಿತು, ಬಿಟ್ಟುಹೋದ ಸಣ್ಣಪುಟ್ಟ ಕೆಲಸಗಳನ್ನು ಮತ್ತೆ ಆರಂಭಿಸಲು ನೆರವಾದರು. ತೀವ್ರ ಖಿನ್ನತೆಯವರೂ ಅದರಿಂದ ಚೇತರಿಸಿಕೊಂಡರು. ಇದನ್ನು ಓದಿದಾಗ ನಮ್ಮ ಧರ್ಮಕೇಂದ್ರದ ಸಂಘಗಳು ನೆನಪಾಗದೆ ಇರಲಿಲ್ಲ.

ಎಸ್ಸಿಟಲೋಪ್ರಾಮ್, ಸೆರ್ಟ್ರಲೈನ್ ಮೊದಲಾದ ಗುಳಿಗೆಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳ ನಂತರ ಗುಣ ತೋರುತ್ತವೆ. ಹೊಟ್ಟೆ ತೊಳಸುವುದು, ತಲೆನೋವು ಮೊದಲ ದಿನಗಳಲ್ಲೇ ಬರುತ್ತವೆ. ಇಲ್ಲಿಯೇ ಬಹಳ ಮಂದಿ ಕೈಬಿಡುವುದು. ಸಣ್ಣ ವಯಸ್ಸಿನವರನ್ನು, ಅಂದರೆ 25ರೊಳಗಿನವರನ್ನು, ಈ ಮೊದಲ ವಾರಗಳಲ್ಲಿ ಹೆಚ್ಚು ಗಮನಿಸಬೇಕು; ಕೆಲವರಲ್ಲಿ ಸಾವಿನ ಯೋಚನೆ ಹೆಚ್ಚುವುದುಂಟು. ಅನ್ನ ನೀರು ಬಿಟ್ಟವರಿಗೆ, ಪ್ರಾಣಕ್ಕೆ ಅಪಾಯವಿರುವವರಿಗೆ ಕರೆಂಟ್ ಚಿಕಿತ್ಸೆಯೂ ಉಂಟು. ಸಿನಿಮಾದಲ್ಲಿ ತೋರಿಸುವಂತೆ ಅದು ಶಿಕ್ಷೆಯಲ್ಲ. ಅರಿವಳಿಕೆ ಇಲ್ಲದೆ ಅದನ್ನು ಕೊಡಕೂಡದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವಿಧಿಸಿದೆ.

ಎರಡನೆಯ ಸಲ ಗುಳಿಗೆ ಬಿಡುವುದು ಗುಣವಾದಾಗ. ಧ್ಯಾನಕೂಟಕ್ಕೆ ಹೋಗಿಬಂದ ಮೇಲೆ ಇನ್ನೇಕೆ ಎನ್ನುವವರಿದ್ದಾರೆ. ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸದಿದ್ದರೆ ಕಾಯಿಲೆ ಮರಳುವ ಸಂಭವ ಹೆಚ್ಚು. ಈ ಗುಳಿಗೆಗಳು ಚಟ ಹಿಡಿಸುವುದಿಲ್ಲ. ಆದರೆ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಬರಬಹುದು. ಆದ್ದರಿಂದ ನಿಲ್ಲಿಸುವ ದಿನ ಬಂದಾಗ ವೈದ್ಯರೇ ಪ್ರಮಾಣವನ್ನು ವಾರವಾರಕ್ಕೆ ಇಳಿಸುತ್ತಾ ಬರುತ್ತಾರೆ.