ಅಷ್ಟು ಜನಕ್ಕೆ ನೀರು ಎಲ್ಲಿಂದ ಮಗಾ?

ಬೆಂಗಳೂರಿನಲ್ಲಿ ನಾಲ್ಕು ವಾರದ ಇಂಟರ್ನ್‌ಶಿಪ್ ಮುಗಿಸಿ, ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದು, ಬೆಳಗ್ಗೆ ಮನೆಗೆ ಬಂದು ಬ್ಯಾಗನ್ನು ಜಗಲಿಯಲ್ಲಿ ಇಟ್ಟದ್ದಷ್ಟೇ. ಮೂರು ದಿಕ್ಕಿನಿಂದ ಮೂರು ಪ್ರಶ್ನೆಗಳು ಬಂದವು.

ಅಮ್ಮ: "ಎಂತ ಇಷ್ಟು ಸಪೂರ ಆಗಿದ್ದಿ? ಅಲ್ಲಿ ಹೇಗೆ ಇರ್ತಾರೆ ಜನ?"

ಅಪ್ಪ: "ಕೆಲಸ ಸಿಕ್ಕಿದ್ರೆ ಖರ್ಚು ಕಳೆದು ಕೈಯಲ್ಲಿ ಎಷ್ಟು ಉಳಿದೀತು?"

ಅಜ್ಜ ಮಾತ್ರ ಎಲೆಗೆ ಸುಣ್ಣ ಹಚ್ಚುತ್ತಾ ನಿಧಾನಕ್ಕೆ ಕೇಳಿದರು. "ಅಲ್ಲಿ ಈಗ ಎಷ್ಟು ಜನ ಉಂಟು?"

"ಒಂದು ಕೋಟಿಗಿಂತ ಜಾಸ್ತಿ ಅಜ್ಜ."

"ಅಷ್ಟು ಜನಕ್ಕೆ ನೀರು ಎಲ್ಲಿಂದ ಮಗಾ?"

ಸಿವಿಲ್ ಎಂಜಿನಿಯರಿಂಗ್ ಓದುವವಳು ನಾನು. ಆದರೂ ತಕ್ಷಣಕ್ಕೆ "ಕಾವೇರಿಯಿಂದ" ಅಂತ ಒಂದೇ ಶಬ್ದ ಹೇಳಿ ಸ್ನಾನಕ್ಕೆ ಹೋದೆ. ಆ ಮೂರು ಪ್ರಶ್ನೆಗಳಿಗೆ ಸರಿಯಾದ ಉತ್ತರ ಹುಡುಕುತ್ತಾ ಹೋದದ್ದೇ ಈ ಲೇಖನ. ಐದನೇ ಸೆಮಿಸ್ಟರ್‌ನಲ್ಲಿ ಇರುವ ನನಗೆ ಇದು ಜನರಲ್ ನಾಲೆಜ್ ಅಲ್ಲ. ಪ್ಲೇಸ್‌ಮೆಂಟ್‌ಗೆ ಹೆಸರು ಕೊಡುವಾಗ "ಯಾವ ಊರಲ್ಲಿ ಕೆಲಸ ಮಾಡಲು ಸಿದ್ಧ?" ಎಂಬ ಜಾಗದಲ್ಲಿ ಏನಾದರೂ ಬರೆಯಲೇಬೇಕಲ್ಲ!

ಮೊದಲ ಸ್ಥಾನ ಯಾರಿಗೆ?

ಜಗತ್ತಿನಲ್ಲಿ ಅತಿ ಹೆಚ್ಚು ಜನರಿರುವ ನಗರ ಯಾವುದು? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೆಲ್ಲ "ಟೋಕಿಯೊ" ಅಂತ ಕಣ್ಣು ಮುಚ್ಚಿ ಹೇಳುತ್ತಾರೆ. ವಿಶ್ವಸಂಸ್ಥೆಯ 2018ರ ವರದಿಯಲ್ಲಿ ಹಾಗೆಯೇ ಇತ್ತು: ಟೋಕಿಯೊದಲ್ಲಿ 3.7 ಕೋಟಿ, ದಿಲ್ಲಿಯಲ್ಲಿ 2.9 ಕೋಟಿ, ಶಾಂಘೈಯಲ್ಲಿ 2.6 ಕೋಟಿ. ಆದರೆ 2025ರ ವರದಿಯಲ್ಲಿ ಪಟ್ಟಿಯೇ ಬದಲಾಗಿದೆ. ಇಂಡೋನೇಷ್ಯಾದ ಜಕಾರ್ತ ಸುಮಾರು 4.2 ಕೋಟಿ ಜನರೊಂದಿಗೆ ಮೊದಲು, ಬಾಂಗ್ಲಾದೇಶದ ಢಾಕಾ ಸುಮಾರು 3.7 ಕೋಟಿಯೊಂದಿಗೆ ಎರಡನೆಯದು, ಟೋಕಿಯೊ ಸುಮಾರು 3.3 ಕೋಟಿಯೊಂದಿಗೆ ಮೂರನೆಯದು. ದಿಲ್ಲಿ ನಾಲ್ಕನೆಯದು. ಮೊದಲ ಹತ್ತರಲ್ಲಿ ಒಂಬತ್ತು ಏಷ್ಯಾದವು, ಹೊರಗಿನದ್ದು ಈಜಿಪ್ಟಿನ ಕೈರೊ ಒಂದೇ.

ಏಳು ವರ್ಷದಲ್ಲಿ ಇಷ್ಟೊಂದು ಜನ ಎಲ್ಲಿಂದ ಬಂದರು? ಜನ ಬಂದದ್ದು ಹೌದು. ಆದರೆ ಎಣಿಸುವ ಕ್ರಮವೂ ಬದಲಾಯಿತು. ಮೊದಲು ಒಂದೊಂದು ದೇಶ ತನ್ನ ನಗರದ ಗಡಿಯನ್ನು ತನಗೆ ಬೇಕಾದ ಹಾಗೆ ಎಳೆಯುತ್ತಿತ್ತು. ಹೊಸ ವರದಿಯಲ್ಲಿ ಎಲ್ಲ ದೇಶಗಳಿಗೂ ಒಂದೇ ಅಳತೆ: ಮನೆಗಳು ಒತ್ತೊತ್ತಾಗಿ ಎಲ್ಲಿಯವರೆಗೆ ಹಬ್ಬಿವೆಯೋ ಅಲ್ಲಿಯವರೆಗೆ ನಗರ. ಬೆಂಗಳೂರಿಗೂ ಇದು ಹೊಸದಲ್ಲ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದಾಗ ಆ ಹಳ್ಳಿಗಳ ಜನ ಮನೆಯಿಂದ ಹೆಜ್ಜೆ ಕದಲಿಸದೆ ಮಹಾನಗರದವರಾದರು.

ಕೋಟಿಯ ಲೆಕ್ಕ ನಮ್ಮ ತಲೆಗೆ ಸುಲಭಕ್ಕೆ ಹತ್ತುವುದಿಲ್ಲ. ನಾನು ಊರಿನ ಅಳತೆಯಲ್ಲಿ ನೋಡಿದೆ. 2011ರ ಜನಗಣತಿಯಲ್ಲಿ ಪುತ್ತೂರು ತಾಲೂಕಿನಲ್ಲಿ ಸುಮಾರು 2.88 ಲಕ್ಷ, ಸುಳ್ಯದಲ್ಲಿ 1.45 ಲಕ್ಷ ಜನ. ಕಡಬ ಆಗ ಪ್ರತ್ಯೇಕ ತಾಲೂಕು ಆಗಿರಲಿಲ್ಲ, ಅದರ ಜನರೂ ಈ ಎರಡರಲ್ಲೇ ಸೇರಿದ್ದರು. ಒಟ್ಟು 4.33 ಲಕ್ಷ. ಅಂದರೆ ಕುಕ್ಕೆಯಿಂದ ಕಬಕದವರೆಗೆ, ಸಂಪಾಜೆಯಿಂದ ನೆಲ್ಯಾಡಿಯವರೆಗೆ ಇರುವ ನಮ್ಮೆಲ್ಲರನ್ನೂ ನೂರರ ಹತ್ತಿರ ಸಲ ಒಟ್ಟು ಮಾಡಿದರೆ ಒಂದು ಜಕಾರ್ತ. ಅದೇ ಗಣತಿಯಲ್ಲಿ ದಕ್ಷಿಣ ಕನ್ನಡದಲ್ಲಿ ಒಂದು ಚದರ ಕಿಲೋಮೀಟರಿಗೆ 430 ಜನರಿದ್ದರೆ, ಬೆಂಗಳೂರು ನಗರ ಜಿಲ್ಲೆಯಲ್ಲಿ 4,381.

ಅಜ್ಜನ ಪ್ರಶ್ನೆ

ನಮ್ಮ ಮನೆಗೆ ನೀರು ಬರುವುದು ಗುಡ್ಡದ ಬುಡದ ಸುರಂಗದಿಂದ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಮನುಷ್ಯ ನುಗ್ಗುವಷ್ಟು ಕೊರೆದು ಒಸರು ಹಿಡಿಯುವ ಕ್ರಮ. ಹಿಂದೆ ಅಡಿಕೆ ಮರದ ದಂಬೆಯಲ್ಲಿ ಅಂಗಳಕ್ಕೆ ಬರುತ್ತಿದ್ದ ನೀರು ಈಗ ಪೈಪಿನಲ್ಲಿ ಬರುತ್ತದೆ. ಮೋಟಾರು ಬೇಡ, ಬಿಲ್ಲು ಇಲ್ಲ. ಹಾಗಾಗಿ ಅಜ್ಜನಿಗೆ ಯಾವ ಊರಿನ ಸುದ್ದಿ ಬಂದರೂ ಮೊದಲು ನೀರಿನ ಯೋಚನೆ.

ಬೆಂಗಳೂರಿನ ನಲ್ಲಿ ತಿರುಗಿಸಿದಾಗ ಬರುವ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ ಬಂದದ್ದು. ನದಿ ಕೆಳಗೆ, ನಗರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ. ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಮೂರು ಹಂತಗಳಲ್ಲಿ ಪಂಪ್ ಮಾಡಿ ಮೇಲಕ್ಕೆ ದೂಡುತ್ತಾರೆ. ಆ ಪಂಪುಗಳು ನಿಂತರೆ ಊರು ಬಾಯಾರುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ದೊಡ್ಡ ದೊಡ್ಡ ಅಪಾರ್ಟ್‌ಮೆಂಟಿನವರೂ ಟ್ಯಾಂಕರಿಗೆ ಕಾದದ್ದನ್ನು ನಾವೆಲ್ಲ ಓದಿದ್ದೇವೆ. ಆ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು, ಮುಖ್ಯವಾಗಿ 2007ರಲ್ಲಿ ಸೇರಿದ ಅದೇ 110 ಹಳ್ಳಿಗಳಿಗೆ ಕೊಡುವ ಯೋಜನೆ ಅದು. ನಗರದೊಳಗೆ ಸೇರಿ 17 ವರ್ಷ ಕಳೆದಿತ್ತು.

ಜಕಾರ್ತದ ಕತೆ ಇನ್ನೂ ಕಷ್ಟದ್ದು. ಪೈಪಿನ ನೀರು ಎಲ್ಲರಿಗೂ ಸಿಗದೆ ಜನ ನೆಲದಡಿಯ ನೀರನ್ನು ಎಳೆದೆಳೆದು, ನೆಲವೇ ಕುಸಿಯುತ್ತಿದೆ. ನಗರದ ಉತ್ತರದ ಕೆಲವು ಭಾಗಗಳು ಸಮುದ್ರಮಟ್ಟಕ್ಕಿಂತ ಕೆಳಗಿವೆ. 2022ರಲ್ಲಿ ಆ ದೇಶ ಬೋರ್ನಿಯೊ ದ್ವೀಪದಲ್ಲಿ ನುಸಂತರ ಎಂಬ ಹೊಸ ರಾಜಧಾನಿಗೆ ಕಾನೂನನ್ನೇ ಮಾಡಿತು. ಟೋಕಿಯೊದವರಿಗೆ ನೀರು ಹೆಚ್ಚಾಗುವ ಹೆದರಿಕೆ. ಅದರ ಉತ್ತರಕ್ಕೆ ಕಸುಕಾಬೆ ಎಂಬಲ್ಲಿ 2006ರಲ್ಲಿ ಮುಗಿದ ನೆಲದಡಿಯ ತೊಟ್ಟಿಯಲ್ಲಿ 18 ಮೀಟರ್ ಎತ್ತರದ 59 ಕಂಬಗಳಿವೆ. ತುಂಬಿ ಬರುವ ಸಣ್ಣ ನದಿಗಳ ನೀರನ್ನು ಅಲ್ಲಿ ಹಿಡಿದು ದೊಡ್ಡ ನದಿಗೆ ಬಿಡುತ್ತಾರೆ. ಅದರ ಚಿತ್ರವನ್ನು ಅಜ್ಜನಿಗೆ ಮೊಬೈಲಿನಲ್ಲಿ ತೋರಿಸಿದೆ. "ಇದು ದೇವಸ್ಥಾನವಾ?" ಅಂತ ಕೇಳಿದರು.

ನಾವೇನು ಕಡಿಮೆ ಅಲ್ಲ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಜಿಲ್ಲೆಯಲ್ಲಿದ್ದೂ ಏಪ್ರಿಲಿನಲ್ಲಿ ತೋಟಕ್ಕೆ ನೀರಿಲ್ಲ ಅಂತ ಬೋರ್‌ವೆಲ್ ಕೊರೆಸುತ್ತೇವೆ. ಊರವರೆಲ್ಲ ಸೇರಿ ತೋಡಿಗೆ ಕಟ್ಟ ಹಾಕುತ್ತಿದ್ದ ಕ್ರಮ ಹೆಚ್ಚಿನ ಕಡೆ ನಿಂತೇ ಹೋಗಿದೆ. ಕಟ್ಟ ಹಾಕಲು ಊರಲ್ಲಿ ಜನ ಬೇಕಲ್ಲ?

ಅಮ್ಮನ ಪ್ರಶ್ನೆ

ಹೇಗೆ ಇರ್ತಾರೆ ಜನ? ನಾನು ಇದ್ದದ್ದು ಮಾರತ್ತಹಳ್ಳಿಯ ಒಂದು ಪಿ.ಜಿ.ಯಲ್ಲಿ, ಒಂದು ಕೋಣೆಗೆ ಮೂವರು. ಒಬ್ಬಳು ವಿಜಯಪುರದವಳು, ಇನ್ನೊಬ್ಬಳು ಒಡಿಶಾದವಳು. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆಫೀಸಿಗೆ 11 ಕಿ.ಮೀ. ದೂರ. ಮೊದಲ ದಿನ "ಅರ್ಧ ಗಂಟೆ ಸಾಕು" ಅಂತ ಹೊರಟು ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಟ್ಟಿದೆ. ಕಡಬದಿಂದ ಉಪ್ಪಿನಂಗಡಿ ದಾಟಿ ಪುತ್ತೂರಿನ ಕಾಲೇಜು ತಲುಪುವಷ್ಟು ಹೊತ್ತು! ಟಾಮ್‌ಟಾಮ್ ಕಂಪನಿಯ 2019ರ ಸೂಚ್ಯಂಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಟ್ರಾಫಿಕ್ ದಟ್ಟಣೆಯ ನಗರ ಬೆಂಗಳೂರೇ ಆಗಿತ್ತು.

ಟೋಕಿಯೊದ ಶಿಂಜುಕು ಒಂದೇ ನಿಲ್ದಾಣದಲ್ಲಿ ದಿನಕ್ಕೆ ಸುಮಾರು ಮೂವತ್ತು ಲಕ್ಷ ಜನ ಹತ್ತಿ ಇಳಿಯುತ್ತಾರೆ. ಅಷ್ಟು ಜನ ಸಲೀಸಾಗಿ ಓಡಾಡಲು ಕಾರಣ ರೈಲು. ಶಾಂಘೈ ತನ್ನ ಮೊದಲ ಮೆಟ್ರೊ ಓಡಿಸಿದ್ದು 1993ರಲ್ಲಿ, ಇವತ್ತು ಅಲ್ಲಿ 800 ಕಿ.ಮೀ.ಗೂ ಹೆಚ್ಚು ಮೆಟ್ರೊ ಹಳಿ. ಬೆಂಗಳೂರಿನ ಮೊದಲ ಮೆಟ್ರೊ ಓಡಿದ್ದು 2011ರ ಅಕ್ಟೋಬರಿನಲ್ಲಿ. ಜನ ಮೊದಲು ಬಂದು ರೈಲು ಆಮೇಲೆ ಬಂದರೆ ನಡುವಿನ ವರ್ಷಗಳನ್ನು ನಮ್ಮಂಥವರು ರಸ್ತೆಯಲ್ಲಿ ಕಳೆಯಬೇಕಾಗುತ್ತದೆ.

ಅಮ್ಮನಿಗೆ ನಾನು ಹೇಳಲು ಹಿಂಜರಿದ ಇನ್ನೊಂದು ವಿಷಯ ಉಂಟು. ನನಗೆ ಆ ಊರು ಖುಷಿಯಾಯಿತು. ಇಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಕ್ಲಾಸ್‌ಮೇಟ್ ಹುಡುಗನ ಜೊತೆ ಹತ್ತು ನಿಮಿಷ ನಿಂತರೆ, ನಾನು ಮನೆಗೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ. ಅಲ್ಲಿ ನಾಲ್ಕು ವಾರದಲ್ಲಿ ಒಬ್ಬರೂ "ನೀನು ಯಾರ ಮಗಳು?" ಅಂತ ಕೇಳಲಿಲ್ಲ. ರಾತ್ರಿ ಒಂಬತ್ತಕ್ಕೆ ಸೈಟಿನ ಡ್ರಾಯಿಂಗ್ ಹಿಡಿದು ನಡೆದು ಬರುವಾಗ ಯಾರೂ ತಿರುಗಿ ನೋಡಲಿಲ್ಲ. ಆದರೆ ಮೂರನೇ ವಾರ ಎರಡು ದಿನ ಜ್ವರ ಬಂದು ಮಲಗಿದಾಗಲೂ ಯಾರೂ ತಿರುಗಿ ನೋಡಲಿಲ್ಲ, ಆ ಒಡಿಶಾದ ಹುಡುಗಿಯೊಬ್ಬಳ ಹೊರತು. ಅವಳು ಗಂಜಿ ಮಾಡಿಸಿ ತಂದುಕೊಟ್ಟಳು. ಅವಳಿಗೆ ಕನ್ನಡ ಬಾರದು, ನನಗೆ ಒಡಿಯಾ ಬಾರದು. ಗಂಜಿ ಇಬ್ಬರಿಗೂ ಗೊತ್ತಿತ್ತು.

ಅಜ್ಜನಿಗೆ ಇದೆಲ್ಲ ಹೊಸದಲ್ಲ. ಅವರು ಹದಿನಾಲ್ಕನೇ ವಯಸ್ಸಿಗೆ ಬೊಂಬಾಯಿಗೆ ಹೋದವರು. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ, ಅವರು ಹೋದದ್ದು ಅದಕ್ಕಿಂತ ಎಷ್ಟೋ ಮೊದಲು, ಬಸ್ಸಿನಲ್ಲಿ. ಹಗಲು ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ, ರಾತ್ರಿ ಅದೇ ಹೋಟೆಲಿನ ಮೇಜುಗಳನ್ನು ಜೋಡಿಸಿ ನಿದ್ದೆ. ಕರಾವಳಿಯ ಎಷ್ಟೋ ಹುಡುಗರು ಆ ರಾತ್ರಿ ಶಾಲೆಗಳಿಂದಲೇ ಮೇಲೆ ಬಂದರು. ಅಜ್ಜ ಹನ್ನೆರಡು ವರ್ಷ ದುಡಿದು ವಾಪಸು ಬಂದು ಈ ತೋಟ ಮಾಡಿದರು.

ಅಪ್ಪನ ಪ್ರಶ್ನೆ

ಖರ್ಚು ಕಳೆದು ಎಷ್ಟು ಉಳಿದೀತು? ಇದಕ್ಕೆ ನಮ್ಮ ಕಾಲೇಜಿನ ಸೀನಿಯರ್ ಒಬ್ಬರ ಹತ್ತಿರ ಕುಳಿತು ಲೆಕ್ಕ ಹಾಕಿದೆ. ಸುಳ್ಯ ಕಡೆಯವರು, ಕೆಲಸಕ್ಕೆ ಸೇರಿ ಎರಡು ವರ್ಷ. ಕೈಗೆ ಬರುವುದು ತಿಂಗಳಿಗೆ 24,000. ಪಿ.ಜಿ.ಗೆ 9,000, ಮಧ್ಯಾಹ್ನದ ಊಟ, ಕಾಫಿ, ವಾರದ ಕೊನೆಯ ಹೊಟ್ಟೆಪಾಡಿಗೆ 5,000, ಓಡಾಟಕ್ಕೆ 2,500, ಮೊಬೈಲ್, ಬಟ್ಟೆ, ಔಷಧಿಗೆ 2,000, ಊರಿಗೆ ಬಂದು ಹೋಗಲು 2,000. ಉಳಿಯುವುದು 3,500. ಅದರಲ್ಲೇ ಶಿಕ್ಷಣ ಸಾಲದ ಕಂತಿಗೆ ಸ್ವಲ್ಪ. "ಮೂರು ವರ್ಷ ಅನುಭವ ಆದ ಮೇಲೆ ಜಿಗಿತ ಉಂಟು, ಅಲ್ಲಿಯವರೆಗೆ ತಡೆದುಕೊಳ್ಳಬೇಕು" ಅಂದರು. ಪಿ.ಜಿ.ಗೆ ಕೊಟ್ಟ ಅಡ್ವಾನ್ಸ್‌ನಲ್ಲಿ ನನಗೆ ಅರ್ಧ ಮಾತ್ರ ವಾಪಸು ಸಿಕ್ಕಿತು. ಕರಾರು ಓದದೆ ಸಹಿ ಹಾಕಿದ್ದು ನನ್ನದೇ ತಪ್ಪು. ನೀವು ಓದಿ.

ಈ ಲೆಕ್ಕವನ್ನು ಅಪ್ಪನಿಗೆ ಹೇಳಿದೆ. ಅವರು ತಮ್ಮ ಲೆಕ್ಕ ಹೇಳಿದರು. ಅಡಿಕೆಗೆ ಎಲೆಚುಕ್ಕಿ ರೋಗ ಬಂದಿದೆ. ಸಂಪಾಜೆ ಕಡೆಯ ನೆಂಟರ ತೋಟವನ್ನು ಹಳದಿ ಎಲೆ ರೋಗ ತಿಂದು ಹಾಕಿದೆ. ಮದ್ದು ಬಿಡಲು ಮರ ಹತ್ತುವವರು ಇಲ್ಲ, ಐವತ್ತೆರಡನೇ ವಯಸ್ಸಿನಲ್ಲಿ ಅಪ್ಪನೇ ಉದ್ದದ ದೋಟಿ ಹಿಡಿದು ಕತ್ತೆತ್ತಿ ನಿಲ್ಲುತ್ತಾರೆ. ನಮ್ಮ ಸುತ್ತಿನ ಹತ್ತು ಮನೆಗಳಲ್ಲಿ ಆರರಲ್ಲಿ ಇರುವುದು ವಯಸ್ಸಾದವರಿಬ್ಬರೇ. ಮಕ್ಕಳು ಬರುವುದು ಪುತ್ತೂರು ಜಾತ್ರೆಗೆ, ಇಲ್ಲವೇ ಮದುವೆಗೆ. ಭಾನುವಾರ ರಾತ್ರಿಯ ಬೆಂಗಳೂರು ಬಸ್ಸುಗಳಲ್ಲಿ ಸೀಟು ಸಿಗುವುದಿಲ್ಲ.

ವಿಶ್ವಸಂಸ್ಥೆ ಹೇಳುವ ಪ್ರಕಾರ ಒಂದು ಕೋಟಿ ಮೀರಿದ ನಗರಗಳು 1975ರಲ್ಲಿ ಎಂಟು ಇದ್ದವು, 2025ರಲ್ಲಿ 33 ಆದವು. ಢಾಕಾಕ್ಕೆ ಹೋಗುವವರಲ್ಲಿ ಎಷ್ಟೋ ಮಂದಿ ನದಿ ಕೊರೆದು ಗದ್ದೆ ಕಳೆದುಕೊಂಡವರು, ಗಾರ್ಮೆಂಟ್ಸ್ ಕೆಲಸ ಹುಡುಕುವವರು. ನಮ್ಮ ಪಕ್ಕದ ತೋಟದಲ್ಲಿ ಅಡಿಕೆ ಹೆಕ್ಕುವ ಹುಡುಗ ಜಾರ್ಖಂಡಿನವನು. ಅವನ ಮನೆಯವರಿಗೆ ಪುತ್ತೂರೇ ದೂರದ ಪೇಟೆ. ನಾವು ಬಿಟ್ಟುಹೋದ ಜಾಗಕ್ಕೆ ಅವನು ಬಂದಿದ್ದಾನೆ.

"ನೀನು ತೋಟ ನೋಡ್ಲಿಕ್ಕೆ ನಿಲ್ಲು ಅಂತ ನಾನು ಹೇಳುವುದಿಲ್ಲ" ಅಂದರು ಅಪ್ಪ. "ಆದ್ರೆ ಹೋಗ್ಲೇಬೇಕು ಅಂತ ಹೋಗ್ಬೇಡ. ಎಂತಕ್ಕೆ ಹೋಗುದು ಅಂತ ಗೊತ್ತಿರ್ಲಿ."

2018ರ ಆಗಸ್ಟಿನಲ್ಲಿ ಶಿರಾಡಿಯೂ ಮಡಿಕೇರಿ ರಸ್ತೆಯೂ ಕುಸಿದು ನಮ್ಮವರು ಅಲ್ಲಿ, ನಾವು ಇಲ್ಲಿ ಆದದ್ದು ನನಗೆ ನೆನಪಿದೆ. ಘಾಟಿಯ ಆಚೆಗೆ ಹೋಗುವುದು ಎಂದರೆ ಮಳೆಗಾಲದಲ್ಲಿ ಮನೆಯವರಿಗೆ ಏನಾದರೂ ಆದರೆ ತಕ್ಷಣ ಬರಲು ಆಗದೆ ಇರುವುದೂ ಹೌದು.

ಕಳೆದ ವಾರ ನಾನು ಪ್ಲೇಸ್‌ಮೆಂಟಿಗೆ ಹೆಸರು ಕೊಟ್ಟೆ. ಊರಿನ ಜಾಗದಲ್ಲಿ ಮೊದಲು ಮಂಗಳೂರು, ಆಮೇಲೆ ಬೆಂಗಳೂರು ಅಂತ ಬರೆದೆ. ವಿಭಾಗ: ನೀರು ಪೂರೈಕೆ ಮತ್ತು ಒಳಚರಂಡಿ. ಗೆಳತಿಯರು "ಎಂತ ಮಾರಾಯ್ತಿ, ಡಿಸೈನ್ ಬಿಟ್ಟು ಚರಂಡಿಯಾ?" ಅಂತ ನಗಾಡಿದರು. ಕೋಟಿ ಜನ ಇರುವಲ್ಲಿ ಆ ಕೆಲಸ ಮುಗಿಯುವುದಿಲ್ಲ, ನಮ್ಮ ಪುತ್ತೂರು, ಸುಳ್ಯ, ಕಡಬ ಪೇಟೆಗಳು ಬೆಳೆಯುವಾಗಲೂ ಅದು ಬೇಕಾಗುತ್ತದೆ. ಕಲಿತು ವಾಪಸು ಬರಬಹುದಾದ ಕೆಲಸ ಅದು ಅನ್ನಿಸಿತು. ಬರುತ್ತೇನೆಯೇ? ಇಪ್ಪತ್ತನೇ ವಯಸ್ಸಿನಲ್ಲಿ ಆಣೆ ಹಾಕಿ ಹೇಳಲಾರೆ.

ದೊಡ್ಡ ನಗರಕ್ಕೆ ಹೊರಟ ಗೆಳೆಯ ಗೆಳತಿಯರೇ, ಸಂಬಳ ಎಷ್ಟು ಅಂತ ಕೇಳುವ ಜೊತೆಗೆ ನಮ್ಮ ಮನೆಯ ಈ ಮೂರು ಪ್ರಶ್ನೆಗಳನ್ನೂ ಕೇಳಿಕೊಳ್ಳಿ. ಇರುವ ಜಾಗಕ್ಕೆ ನೀರು ಎಲ್ಲಿಂದ? ದಿನದಲ್ಲಿ ಎಷ್ಟು ಗಂಟೆ ರಸ್ತೆಯಲ್ಲಿ? ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು?

ನಿನ್ನೆ ಸಂಜೆ ಅಜ್ಜನಿಗೆ ಕಾವೇರಿಯ ಮೂರು ಪಂಪಿನ ಕತೆಯನ್ನು ಹಾಳೆಯಲ್ಲಿ ಚಿತ್ರ ಬರೆದು ವಿವರಿಸಿದೆ. ಪೂರ್ತಿ ಕೇಳಿ, "ಕರೆಂಟು ಹೋದ್ರೆ?" ಅಂದರು. ಅದನ್ನು ಇನ್ನು ಓದಬೇಕು.

– ಬಿ.ಇ. ವಿದ್ಯಾರ್ಥಿನಿ, ಪುತ್ತೂರು