ಮನೆಯ ಹಿರಿಯರ ಹಲ್ಲಿಗೆ ಫೋನಿನಲ್ಲೇ ಸಲಹೆ



ಹಸುವಿನ ಕೆಚ್ಚಲು ತುಸು ಗಟ್ಟಿಯಾದರೂ ಬೆಳಿಗ್ಗೆ ಹಾಲು ಕರೆಯುವಾಗಲೇ ನಿಮ್ಮ ಕೈಗೆ ಗೊತ್ತಾಗುತ್ತದೆ. ಕೂಡಲೇ ಪಶುವೈದ್ಯರಿಗೆ ಫೋನು ಹೋಗುತ್ತದೆ. ಅದೇ ಮನೆಯ ಅಜ್ಜಿ ರೊಟ್ಟಿ ಬಿಟ್ಟು ಬರೀ ಗಂಜಿ ಕುಡಿಯತೊಡಗಿದರೆ 'ವಯಸ್ಸಾಯ್ತು' ಎಂದು ಸುಮ್ಮನಾಗುತ್ತೇವೆ. ಅನೇಕ ಸಲ ಕಾರಣ ವಯಸ್ಸಲ್ಲ. ಒಸಡಿನ ಕೀವು, ಅಲ್ಲಾಡುವ ಹಲ್ಲು, ಇಲ್ಲವೇ ಒತ್ತುವ ಹಲ್ಲಿನ ಸೆಟ್ಟು. ಹಿರಿಯರು ಬಾಯಿಬಿಟ್ಟು ಹೇಳುವುದೂ ಕಡಿಮೆ. ತಾಲ್ಲೂಕಿಗೆ ಕರೆದೊಯ್ದರೆ ಸಂಜೆ ಹಾಲು ಕರೆಯುವವರು ಯಾರು ಎಂಬ ಚಿಂತೆ ಅವರಿಗೂ ಇದೆ.

ಮೊದಲ ಸಲಹೆಗೆ ಅಷ್ಟು ದೂರ ಹೋಗಬೇಕಿಲ್ಲ. ಕೇಂದ್ರ ಸರ್ಕಾರದ ಇ-ಸಂಜೀವಿನಿ ಸೇವೆಯಲ್ಲಿ ವಿಡಿಯೋ ಮೂಲಕ ವೈದ್ಯರೊಂದಿಗೆ ಮಾತಾಡಬಹುದು, ಹಣ ಕೊಡಬೇಕಿಲ್ಲ. ಸ್ಮಾರ್ಟ್‌ಫೋನ್ ಬಳಕೆ ತೊಡಕಾದರೆ ಊರಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಕೇಳಿ. ದಂತವೈದ್ಯರು ಯಾವಾಗ ಸಿಗುತ್ತಾರೆಂದು ಮೊದಲೇ ವಿಚಾರಿಸಿಕೊಳ್ಳಿ.

ಕರೆಗೆ ಮುಂಚೆ ಫೋಟೋ ತೆಗೆದಿಡಿ. ಫೋನಿನ ಹಿಂದಿನ ಕ್ಯಾಮೆರಾ ಒರೆಸಿ. ಹಿರಿಯರನ್ನು ಬಾಗಿಲ ಬಳಿ ಬೆಳಕಿಗೆ ಮುಖಮಾಡಿ ಕೂರಿಸಿ, ಬಾಯಿ ಮುಕ್ಕಳಿಸಲು ಹೇಳಿ. ತೊಳೆದ ಚಮಚದ ಹಿಡಿಯಿಂದ ಕೆನ್ನೆಯನ್ನು ಮೆಲ್ಲಗೆ ಸರಿಸಿ. ಇನ್ನೊಬ್ಬರು ಟಾರ್ಚ್ ಹಿಡಿಯಲಿ. ಮುಂದಿನ ಹಲ್ಲು, ಎಡ, ಬಲ, ಮೇಲ್ದವಡೆ, ಕೆಳದವಡೆ ಹೀಗೆ ಐದು ಚಿತ್ರ. ನಾಲಿಗೆಯ ಅಡಿಯನ್ನೂ ಮರೆಯಬೇಡಿ, ಎಲೆಅಡಿಕೆ ತಂಬಾಕು ಹಾಕುವವರಿಗಂತೂ ಇದು ಕಡ್ಡಾಯ. ಸೇವಿಸುವ ಮಾತ್ರೆಗಳ ಚಿತ್ರವೂ ಇರಲಿ: ಬಿ.ಪಿ.ಯ ಕೆಲವು ಮಾತ್ರೆಗಳಿಂದ ಬಾಯಿ ಒಣಗಿ ಹಲ್ಲು ಬೇಗ ಹುಳುಕಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ ತಪ್ಪದೆ ತಿಳಿಸಿ. ಹಲ್ಲು ಕೀಳಿಸಬೇಕೆಂದು ನೀವೇ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆ ಇದ್ದರೂ ಹೇಳಿ, ಅದಕ್ಕೂ ಒಸಡಿನ ರೋಗಕ್ಕೂ ನಂಟಿದೆ.

ನಿತ್ಯದ ಆರೈಕೆಯನ್ನೂ ವೈದ್ಯರಿಂದ ಕಲಿಯಿರಿ. ಕೈ ನಡುಗುವವರಿಗೆ ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡಿ. ನೀವೇ ಉಜ್ಜುವುದಾದರೆ ಅವರನ್ನು ನೆಟ್ಟಗೆ ಕೂರಿಸಿ. ಮಲಗಿಸಿ ಉಜ್ಜಿದರೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಮೆತ್ತನೆ ಬ್ರಷ್, ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್, ದಿನಕ್ಕೆ ಎರಡು ಸಲ. ಇದ್ದಿಲು, ಇಟ್ಟಿಗೆ ಪುಡಿ ಬೇಡವೇ ಬೇಡ. ಸೆಟ್ಟನ್ನು ರಾತ್ರಿ ತೆಗೆದು ಸೋಪಿನಿಂದ ತೊಳೆದು ತಣ್ಣೀರಿನಲ್ಲಿಡಿ. ಬಿಸಿನೀರಿಗೆ ಅದರ ಆಕಾರ ಕೆಡುತ್ತದೆ. ರಾತ್ರಿ ಸಕ್ಕರೆ ಹಾಕಿದ ಹಾಲು ಕುಡಿಯುವ ರೂಢಿಯಿದ್ದರೆ ಹಲ್ಲುಜ್ಜುವುದು ಅದರ ನಂತರ. (ಹಾಲು ಕುಡಿಯಬೇಡಿ ಎಂದು ಈ ಪತ್ರಿಕೆ ಹೇಳೀತೇ?)

ಫೋನಿನಲ್ಲಿ ಹಲ್ಲು ಕೀಳಲಾಗದು, ಹುಳುಕು ತುಂಬಲಾಗದು. ಯಾವುದಕ್ಕೆ ಆಸ್ಪತ್ರೆಗೆ ಹೋಗಬೇಕು, ಯಾವುದು ಮನೆಯಲ್ಲೇ ಸರಿಹೋದೀತು ಎಂಬುದು ತಿಳಿದರೆ ಅಲೆದಾಟ ಉಳಿಯುತ್ತದೆ. ಆದರೆ ಜ್ವರದೊಂದಿಗೆ ದವಡೆ ಊದಿದ್ದರೆ, ನುಂಗಲು, ಉಸಿರಾಡಲು ಕಷ್ಟವಾದರೆ ವಿಡಿಯೋ ಕರೆಗೆ ಕಾಯದೆ ನೇರ ಆಸ್ಪತ್ರೆಗೆ ಹೊರಡಿ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆಯನ್ನು ವೈದ್ಯರು ಎದುರಿಗೇ ನೋಡಬೇಕು. ಹಾಗೆ ಹೋದಾಗ ಬಿಪಿಎಲ್ ಕಾರ್ಡನ್ನೂ ಜೊತೆಗಿಟ್ಟುಕೊಳ್ಳಿ. ಹಲ್ಲಿಲ್ಲದ ಬಡ ಹಿರಿಯರಿಗೆ ಉಚಿತವಾಗಿ ಸೆಟ್ಟು ಕಟ್ಟಿಸಿಕೊಡುವ ರಾಜ್ಯದ ದಂತಭಾಗ್ಯ ಯೋಜನೆಯ ಬಗ್ಗೆ ಅಲ್ಲಿಯೇ ವಿಚಾರಿಸಬಹುದು.